ಸೀತಾನದಿಯ ಕಾಂಡ್ಲಾ ದೋಣಿ: ‘ಆಗುವುದಿಲ್ಲ’ ಅನ್ನುವವರಿಗೆ ಪೂರ್ತಿ ಮಾರ್ಕು, ಗಿಡ ನೆಡುವ ಪ್ಯಾಕೇಜಿಗೆ ಸೊನ್ನೆ

ರೀಲ್ಸ್ ಮಾಡುವವರು, ಸ್ಪೀಕರ್ ಹಾಕಿಕೊಂಡು ನೀರಲ್ಲಿ ಸುತ್ತುವವರು ಇದನ್ನು ಓದುವುದೇ ಬೇಡ. ನಿಮಗೆ ಬೇರೆ ದೋಣಿಗಳು ಬೇಕಾದಷ್ಟಿವೆ. ನಾನು ಹೇಳುತ್ತಿರುವುದು ಉಡುಪಿ ಜಿಲ್ಲೆಯ ಸಾಲಿಗ್ರಾಮದಿಂದ ಪಡುವಣಕ್ಕೆ, ಪಾರಂಪಳ್ಳಿ ಕಡೆ ಸೀತಾನದಿಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಸವಾರಿಯ ಬಗ್ಗೆ. ಕಾಂಡ್ಲಾ ಕಾಡಿನ, ಅಂದರೆ ಮ್ಯಾಂಗ್ರೋವ್ ಕಾಡಿನ, ಒಳಗೆ ಕರೆದುಕೊಂಡು ಹೋಗುತ್ತಾರೆ. ಕೆಲವು ಕಯಾಕ್, ಮುದುಕರು ಮಕ್ಕಳಿಗೆ ಅಂತ ಒಂದು ಅಗಲದ ಹಳೇ ಮೀನಿನ ದೋಣಿ. ಮೋಟಾರ್ ಇಲ್ಲ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದರು. "ಜನ ಜಾಸ್ತಿ ಬಂದರೆ ಹೊಳೆಗೂ ಕಷ್ಟ, ನಮಗೂ ಕಷ್ಟ ಅಕ್ಕ" ಅಂದರು. ವ್ಯಾಪಾರದಲ್ಲಿ ಇರುವವರ ಬಾಯಲ್ಲಿ ಈ ಮಾತು ನಾನಂತೂ ಕೇಳಿರಲಿಲ್ಲ. ಆ ಕಡೆ ಹೋಗಿ ದಡದಲ್ಲಿ ವಿಚಾರಿಸಿದರೆ ಸಿಗುತ್ತಾರೆ ಬಿಡಿ.

ನನ್ನ ಪರಿಚಯ ಎರಡೇ ಮಾತು. ಬ್ರಹ್ಮಾವರ ಕಡೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮಕ್ಕಳು ಓದಲು ಹೊರಗೆ ಹೋದ ಮೇಲೆ ಹಕ್ಕಿ ನೋಡುವ ಹುಚ್ಚು ಹತ್ತಿತು. ಜೊತೆಗೆ ಬಂದವರು ಅತ್ತೆ. ವಯಸ್ಸು ಎಪ್ಪತ್ತು ದಾಟಿದೆ. ಹುಡುಗಿಯಾಗಿದ್ದಾಗ ಇದೇ ಹೊಳೆಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಿದವರು. ಹಾಗಾಗಿ ನಮ್ಮ ದೋಣಿಯಲ್ಲಿ ಇಬ್ಬರು ಗೈಡ್ ಇದ್ದರು, ಒಬ್ಬರಿಗೆ ದುಡ್ಡು ಕೊಟ್ಟಿರಲಿಲ್ಲ ಅಷ್ಟೇ. ನಮ್ಮ ಯಜಮಾನರಿಗೆ ನೀರು ಕಂಡರೆ ಆಗದು. ಅವರು ಕಾರಲ್ಲೇ ಕೂತು ಪೇಪರ್ ಓದಿದರು.

ಬುಕಿಂಗ್ ಫೋನಿನಲ್ಲೇ. ಭಾನುವಾರ ಹತ್ತು ಗಂಟೆಗೆ ಬರುತ್ತೇವೆ ಅಂದೆ. "ಹತ್ತಕ್ಕೆ ಆಗುವುದಿಲ್ಲ. ಅಷ್ಟೊತ್ತಿಗೆ ನೀರು ಇಳಿಯುತ್ತಾ ಇರುತ್ತದೆ. ಒಳಗೆ ಹೋದರೆ ಕೆಸರಲ್ಲಿ ಕೂರಬೇಕು. ಏಳಕ್ಕೆ ಬನ್ನಿ" ಅಂದರು. ಮುಂದಿನ ವಾರ ಬರುವುದಾದರೆ ಆ ಗಂಟೆಯೂ ಬೇರೆ. ಭರತ, ಅಂದರೆ ಸಮುದ್ರದ ನೀರು ಏರುವುದು, ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಜೋರಾಗಿ ಏರಿ ಜೋರಾಗಿ ಇಳಿಯುತ್ತದೆ. ದಿನಕ್ಕೆ ಇಷ್ಟು ಟ್ರಿಪ್, ಗಂಟೆಗೊಂದು ಬ್ಯಾಚ್ ಅಂತ ಬೋರ್ಡ್ ಹಾಕಿದ ಕಡೆ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಗಡಿಯಾರ ಮುಖ್ಯ, ಇವರಿಗೆ ನೀರು. ನಿಮಗೆ ರಜೆ ಇರುವ ದಿನ ನೀರಿಲ್ಲದಿದ್ದರೆ ಸವಾರಿಯೂ ಇಲ್ಲ. ಕೆಲವರಿಗೆ ಇದು ದೊಡ್ಡ ತೊಂದರೆ ಅನಿಸಬಹುದು. ನನಗೆ ಇದೇ ಮೊದಲ ಮಾರ್ಕು.

ಈಗ ಒಳಗೆ ಹೋಗೋಣ. ಸೀತಾನದಿ ಘಟ್ಟದಿಂದ ಇಳಿದು, ಹೆಬ್ರಿ ದಾಟಿ, ಬಾರ್ಕೂರಿನ ಪಕ್ಕ ಹರಿದು, ಕೋಡಿ ಬೆಂಗ್ರೆಯ ಹತ್ತಿರ ಸ್ವರ್ಣೆಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಕೊನೆಯ ಕೆಲವು ಮೈಲಿ ಸಿಹಿನೀರು ಉಪ್ಪುನೀರು ಬೆರೆತ ಜಾಗ. ಕಾಂಡ್ಲಾ ಬೆಳೆಯುವುದು ಅಲ್ಲೇ. ನಡುಹೊಳೆಯಿಂದ ನೋಡಿದರೆ ಸುಮ್ನೆ ಒಂದು ಹಸಿರು ಬೇಲಿ. ಒಂದು ತೋಡಿನೊಳಗೆ, ಅಂದರೆ ಹೊಳೆಯಿಂದ ಒಳಗೆ ಹೋಗುವ ಸಣ್ಣ ಕಾಲುವೆಗೆ, ದೋಣಿ ನುಗ್ಗಿದ ಮೇಲೆ ಗೊತ್ತಾಗುತ್ತದೆ. ಎರಡೂ ಕಡೆಯಿಂದ ಊರುಗೋಲು ಬೇರುಗಳು ಇಳಿದಿವೆ. ಇನ್ನೊಂದು ಜಾತಿಯದು ಕೆಸರಿನಿಂದ ಬೇರು ಮೇಲಕ್ಕೆ ಎತ್ತಿಕೊಂಡು ನಿಂತಿದೆ, ಉಸಿರಾಡಲು. ಅದಕ್ಕೆ ಅವಿಸೇನಿಯಾ ಅಂತ ಪುಸ್ತಕದ ಹೆಸರು. ದೋಣಿ ಅಣ್ಣ ಅದರ ಒಂದು ಎಲೆ ಬಗ್ಗಿಸಿ "ನಾಲಿಗೆ ಇಡಿ" ಅಂದರು. ಉಪ್ಪು! ಬೇಡದ ಉಪ್ಪನ್ನು ಅದು ಎಲೆಯಿಂದ ಹೊರಗೆ ಹಾಕುತ್ತದೆ. ಊರುಗೋಲು ಬೇರಿನದ್ದು, ಅಂದರೆ ರೈಜೊಫೊರಾ, ಹೆಚ್ಚಿನ ಉಪ್ಪನ್ನು ಬೇರಲ್ಲೇ ತಡೆಯುತ್ತದೆ. ಅತ್ತೆಗೆ ಇದೆಲ್ಲ ಹೊಸದೇನಲ್ಲ. "ದನಕ್ಕೆ ಈ ಸೊಪ್ಪು ಹಾಕ್ತಿದ್ರು" ಅಂದರು ಅಷ್ಟೇ.

ಒಂದು ಕಡೆ ತೋಡಿಗೆ ಅಡ್ಡ ಕಿಂಡಿ ಅಣೆಕಟ್ಟು ಇದೆ. ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮಳೆಗಾಲದ ಮುಂಚೆ ತೆಗೆಯುತ್ತಾರೆ. ಮೇಲುಗಡೆ ಗದ್ದೆಗೂ ಬಾವಿಗೂ ಸಿಹಿನೀರು ನಿಲ್ಲುತ್ತದೆ. ಹಲಗೆ ಹಾಕಿದ ಮೇಲೆ ಮೀನು ಮೇಲಕ್ಕೆ ಹತ್ತುವಂತಿಲ್ಲ, ಉಪ್ಪು ಕೂಡ. ಅಣೆಕಟ್ಟಿನ ಕೆಳಗೆ ಕಾಂಡ್ಲಾ, ಮೇಲೆ ಒಂದು ಗಿಡವೂ ಇಲ್ಲ. ಗದ್ದೆ ಇರುವ ನಮಗೆ ಆ ಹಲಗೆ ಬೇಕೇ ಬೇಕು. ಆದರೆ ಅದನ್ನು ಯಾವ ತಿಂಗಳು ಹಾಕುತ್ತಾರೆ, ಯಾವಾಗ ತೆಗೆಯುತ್ತಾರೆ ಅನ್ನುವುದರ ಮೇಲೆ ತೋಡಿನ ಬಾಳು ನಿಂತಿದೆ ಅಂತ ಅಲ್ಲಿ ನಿಂತು ನೋಡಿದಾಗಲೇ ನನಗೆ ಹೊಳೆದಿದ್ದು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ನಮ್ಮ ಸೀತೆ ಸ್ವರ್ಣೆಗೆ ಅಂಥ ಬೋರ್ಡ್ ಇಲ್ಲ. ಇಲ್ಲಿ ನೋಡಿಕೊಳ್ಳುವವರು ಹಲಗೆ ಹಾಕುವವರು, ಬಲೆ ಹಾಕುವವರು, ಮರುವಾಯಿ ಹೆಕ್ಕುವವರು, ಈಗ ಈ ದೋಣಿಯವರು. ಅದಕ್ಕೇ ದೋಣಿಯವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡುವುದು ಚಾ ತಿಂಡಿ ಹೇಗಿತ್ತು ಅನ್ನುವುದಕ್ಕಿಂತ ದೊಡ್ಡ ವಿಷಯ.

ನಡೆದುಕೊಂಡದ್ದು ಹೇಗೆ? ಹೇಳುತ್ತೇನೆ.

ತೋಡಿನಿಂದ ಹೊರಗೆ ಬಂದಾಗ ಹೊಳೆಯ ನಡುವೆ ಒಂದು ಮರಳ ದಿಬ್ಬ. ಭರತದ ನೀರು ಕೆಸರಿನ ಬಯಲನ್ನೆಲ್ಲ ಮುಚ್ಚಿತ್ತು. ಆ ಹೊತ್ತಲ್ಲಿ ಹಕ್ಕಿಗಳಿಗೆ ಮೇಯಲು ಜಾಗ ಇರುವುದಿಲ್ಲ. ಎಲ್ಲವೂ ಬಂದು ಇಂಥ ಒಂದೇ ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತು ನಿದ್ದೆ ಮಾಡುತ್ತವೆ. ಗೊರವ, ಪ್ಲೋವರ್, ಕಡಲಕ್ಕಿ. ನಮ್ಮ ಜೊತೆ ಕಯಾಕಿನಲ್ಲಿ ಬಂದಿದ್ದ ಹುಡುಗ ಕುತ್ತಿಗೆಗೆ ಉದ್ದದ ಲೆನ್ಸ್ ನೇತುಹಾಕಿಕೊಂಡಿದ್ದ. "ಸ್ವಲ್ಪ ಹತ್ತಿರ ಹೋಗೋಣ ಅಣ್ಣ" ಅಂದ. "ಆಗುವುದಿಲ್ಲ." "ಬರೀ ಹತ್ತು ಮೀಟರ್." "ಆಗುವುದಿಲ್ಲ ಮಾರಾಯ್ರೆ. ಅವು ಎದ್ದರೆ ಕೂರಲು ಬೇರೆ ಜಾಗ ಇಲ್ಲ ಈಗ." ಅಷ್ಟು ಹೇಳಿ ದಿಬ್ಬದಿಂದ ದೂರಕ್ಕೆ, ಆಚೆ ದಡಕ್ಕೆ ತಾಗಿಸಿಕೊಂಡೇ ಗಳ ಹಾಕಿದರು.

ಇದು ಬರೀ ಮರ್ಯಾದೆಯ ಮಾತಲ್ಲ. ಈ ಹಕ್ಕಿಗಳಲ್ಲಿ ಹೆಚ್ಚಿನವು ಮಧ್ಯ ಏಷ್ಯಾದಿಂದ, ಇನ್ನೂ ಬಡಗಣದ ಸೈಬೀರಿಯಾದಿಂದ ಹಾರಿ ಬಂದವು. ಸೆಪ್ಟೆಂಬರ್ ಅಕ್ಟೋಬರಿಗೆ ಬರುತ್ತವೆ, ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಹೊರಡುತ್ತವೆ. ವಾಪಸ್ ಹೋಗುವ ದಾರಿಗೆ ಬೇಕಾದ ಕೊಬ್ಬನ್ನು ಇಲ್ಲೇ ಮೈಗೆ ಹಾಕಿಕೊಳ್ಳಬೇಕು. ನಾವು ಒಮ್ಮೆ ಹೆದರಿಸಿ ಎಬ್ಬಿಸಿದರೆ ಅಷ್ಟು ಕೊಬ್ಬು ಸುಮ್ನೆ ಖರ್ಚು. ದಿನಕ್ಕೆ ನಾಲ್ಕು ದೋಣಿ ಹೀಗೆ ಎಬ್ಬಿಸಿದರೆ ಅವು ಆ ಜಾಗವನ್ನೇ ಬಿಡುತ್ತವೆ. ಅದೇ ಬೆಳಿಗ್ಗೆ ಮೋಟಾರ್ ದೋಣಿಯೊಂದು ಹಾಡು ಹಾಕಿಕೊಂಡು ದಿಬ್ಬದ ಪಕ್ಕದಲ್ಲೇ ಹೋಯಿತು. ಅಷ್ಟೂ ಹಕ್ಕಿ ಎದ್ದವು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅದರ ಅಲೆ ಬಂದು ದಡಕ್ಕೆ ಬಡಿದಾಗ ಬೇರಿನ ಬುಡದ ಮಣ್ಣು ಕದಡಿ ನೀರು ಕೆಂಪಾಯಿತು. ನಮ್ಮ ದೋಣಿ ಅಣ್ಣ ಏನೂ ಹೇಳಲಿಲ್ಲ. ಅತ್ತೆ ಹೇಳಿದರು, ಆದರೆ ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹಾಗಾದರೆ ಹಕ್ಕಿ ನೋಡುವುದು ಯಾವಾಗ? ಇವರ ಏರ್ಪಾಡು ನನಗೆ ತುಂಬ ಹಿಡಿಸಿತು. ನೀರು ಇರುವಾಗ ಕಾಂಡ್ಲಾ ತೋಡು, ನೀರು ಇಳಿಯಲು ಶುರುವಾದ ಮೇಲೆ ದಡದ ಕಟ್ಟೆ. ಕಟ್ಟೆಯ ಮೇಲೆ ಹಲಸಿನ ಮರದ ಕೆಳಗೆ ಬೆಂಚು ಹಾಕಿದ್ದಾರೆ. ಕೆಸರು ತೆರೆದುಕೊಳ್ಳುತ್ತಿದ್ದ ಹಾಗೆ ದಿಬ್ಬದ ಹಕ್ಕಿಗಳು ತಾವಾಗಿ ನಮ್ಮ ಕಡೆ ಬಂದವು. ಸಣ್ಣ ಕೊಕ್ಕಿನದು ಮೇಲೆ ಮೇಲೆ ಹೆಕ್ಕುತ್ತದೆ. ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್ ಏಡಿಯ ಬಿಲಕ್ಕೇ ಕೊಕ್ಕು ಹಾಕುತ್ತದೆ. ಒಂದೇ ಕೆಸರು, ಒಬ್ಬೊಬ್ಬರಿಗೆ ಒಂದೊಂದು ಆಳ. ಕಾಂಡ್ಲಾದಲ್ಲೇ ಹೆಚ್ಚಾಗಿ ಕಾಣುವ ಕರಿತಲೆ ಮಿಂಚುಳ್ಳಿ ಕೂಡ ಒಂದು ಗೂಟದ ಮೇಲೆ ಕೂತಿತ್ತು. ಲೆನ್ಸ್ ಹುಡುಗನಿಗೆ ಬೇಕಾದ ಫೋಟೋ ಇಲ್ಲೇ ಸಿಕ್ಕಿತು, ಕೂತ ಜಾಗದಿಂದ ಏಳದೆ. ದುರ್ಬೀನು ಮಾತ್ರ ನೀವೇ ತರಬೇಕು. ಅವರ ಹತ್ತಿರ ಇರುವ ಒಂದರ ಒಳಗೆ ಬೂಸ್ಟು ಹಿಡಿದಿದೆ. ನಾನು 8x42 ಒಯ್ದಿದ್ದೆ, ಅಷ್ಟು ಸಾಕು.

ನೀರುನಾಯಿ ತೋರಿಸುತ್ತೇವೆ ಅಂತ ಇವರು ಎಲ್ಲೂ ಹೇಳುವುದಿಲ್ಲ. ನಮಗೆ ಸಿಗಲೂ ಇಲ್ಲ. ಕಟ್ಟೆಯ ಒಂದು ಮೂಲೆಯಲ್ಲಿ ಅದರ ಹಿಕ್ಕೆ ಇತ್ತು, ಮೀನಿನ ಹುರುಪೆ ತುಂಬಿದ್ದು. ಕಟ್ಟೆಯ ಆ ಭಾಗಕ್ಕೆ ಒಂದು ಹಗ್ಗ ಕಟ್ಟಿ ಯಾರೂ ಕಾಲಿಡದ ಹಾಗೆ ಮಾಡಿದ್ದಾರೆ. ಅವು ಮತ್ತೆ ಮತ್ತೆ ಬರುವುದು ಅದೇ ಜಾಗಕ್ಕೆ. ಬಲೆ ಹರಿಯುತ್ತವೆ ಅಂತ ಮೀನು ಹಿಡಿಯುವವರಿಗೆ ಅದರ ಮೇಲೆ ಸಿಟ್ಟಿದೆ. "ನನ್ನ ಬಲೆಯನ್ನೂ ಹರಿದಿದೆ" ಅಂತ ಇವರೂ ಹೇಳಿದರು. ಆದರೂ ಹಗ್ಗ ಕಟ್ಟಿದ್ದಾರೆ.

ಇವರ ಇನ್ನೊಂದು ‘ಆಗುವುದಿಲ್ಲ’ ಡ್ರೋನಿಗೆ. ಪ್ರಿ ವೆಡ್ಡಿಂಗ್ ಶೂಟಿಂಗಿಗೆ ಬಂದ ಜೋಡಿಯೊಂದು ಬಣ್ಣದ ಹೊಗೆ ಬಿಡುವ ಡಬ್ಬಿ ತಂದಿದ್ದರಂತೆ. ಮುಂಗಡ ವಾಪಸ್ ಕೊಟ್ಟು ಕಳಿಸಿದರಂತೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ದೋಣಿ ದಡದಲ್ಲಿರಬೇಕು ಅನ್ನುವುದು ಇನ್ನೊಂದು ನಿಯಮ. ಬೆಳ್ಳಕ್ಕಿ, ನೀರುಕಾಗೆ ಕಾಂಡ್ಲಾಕ್ಕೆ ಮಲಗಲು ಬರುವ ಹೊತ್ತು ಅದು. ಸೂರ್ಯಾಸ್ತದ ಪ್ಯಾಕೇಜಿಗೇ ಎಲ್ಲ ಕಡೆ ಹೆಚ್ಚು ರೇಟು ಅಲ್ವಾ? ಆ ದುಡ್ಡನ್ನು ಇವರು ಬಿಟ್ಟಿದ್ದಾರೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೈಯುವುದಕ್ಕೂ ಜಾಗ ಬೇಕು. ನೂರು ರೂಪಾಯಿ ಜಾಸ್ತಿ ಕೊಟ್ಟರೆ ‘ಕಾಂಡ್ಲಾ ನೆಡಿ, ಪ್ರಕೃತಿ ಉಳಿಸಿ’ ಅಂತ ಒಂದು ಪ್ಯಾಕೇಜ್ ಇದೆ. ರೈಜೊಫೊರಾದ ಬೀಜ ಮರದ ಮೇಲೇ ಮೊಳಕೆ ಒಡೆದು ನುಗ್ಗೆಕಾಯಿಯ ಹಾಗೆ ನೇತಾಡುತ್ತಿರುತ್ತದೆ. ಅದನ್ನು ಕೈಗೆ ಕೊಡುತ್ತಾರೆ. ಕೆಸರಿಗೆ ಚುಚ್ಚಿ ಫೋಟೋ ತೆಗೆಸಿಕೊಂಡು ಬರುವುದು. ಮಕ್ಕಳಿಗೆ ಖುಷಿ, ಒಪ್ಪುತ್ತೇನೆ. ಆದರೆ ಚುಚ್ಚುವ ಜಾಗ ಯಾವುದು? ವಿಂಬ್ರೆಲ್ ಮೇಯುತ್ತಿದ್ದ ಅದೇ ತೆರೆದ ಕೆಸರು! ಸಾಲು ಸಾಲಾಗಿ ಹಳೆಯ ಕಡ್ಡಿಗಳು ನಿಂತಿವೆ. ಹೆಚ್ಚಿನವು ಒಣಗಿವೆ, ಕೆಲವಕ್ಕೆ ಚಿಪ್ಪು ಮೆತ್ತಿಕೊಂಡಿದೆ.

ಒಣಗದೆ ಏನಾಗುತ್ತದೆ? ಕಾಂಡ್ಲಾ ತಾನಾಗಿ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟಕ್ಕಿಂತ ಸ್ವಲ್ಪ ಮೇಲೆ. ದಿನದಲ್ಲಿ ಸಾಕಷ್ಟು ಹೊತ್ತು ಬೇರಿಗೆ ಗಾಳಿ ಸಿಗಬೇಕು. ಕೆಳಗಿನ ಕೆಸರಲ್ಲಿ ನೆಟ್ಟರೆ ಗಿಡ ಜಾಸ್ತಿ ಹೊತ್ತು ಮುಳುಗಿಯೇ ಇರುತ್ತದೆ. ಸಾಯುತ್ತದೆ. ಸಾಯದೆ ಬದುಕಿದರೆ ಅದು ಇನ್ನೊಂದು ತಲೆನೋವು, ಹಕ್ಕಿಗೆ ಮೇಯಲು ಇದ್ದ ಬಯಲು ಹೋಯಿತು. ಕೆಸರು ಅಂದರೆ ಖಾಲಿ ಜಾಗ ಅಂತ ನಮ್ಮ ತಲೆಯಲ್ಲಿ ಕೂತಿದೆ. ಗಿಡ ಇಲ್ಲದ ಕಡೆಯಲ್ಲೆಲ್ಲ ಗಿಡ ನೆಡಬೇಕು ಅಂತ. ಈ ತಪ್ಪು ಬೇರೆ ಎಷ್ಟೋ ದೇಶಗಳಲ್ಲೂ ಆಗಿದೆ. ದೊಡ್ಡ ಬೀಜ, ಹೆಕ್ಕಲು ಸುಲಭ, ಚುಚ್ಚಲು ಸುಲಭ ಅಂತ ಎಲ್ಲ ಕಡೆ ರೈಜೊಫೊರಾವನ್ನೇ ಸಾಲಾಗಿ ನೆಟ್ಟು ಲೆಕ್ಕ ತೋರಿಸುವುದು.

ತಮಾಷೆ ಅಂದರೆ, ಸರಿಯಾದ ದಾರಿ ಯಾವುದು ಅಂತ ಅವರೇ ನಮಗೆ ತೋರಿಸಿದ್ದರು. ತೋಡಿನ ಒಳಗೆ ಒಂದು ಹಳೇ ಸಿಗಡಿ ಕೆರೆ ಇದೆ. ತೊಂಬತ್ತರ ದಶಕದಲ್ಲಿ ಕರಾವಳಿಯಲ್ಲಿ ಸಿಗಡಿ ಕೃಷಿಯ ಭರಾಟೆ ಇತ್ತು, ನೆನಪಿದೆಯಾ? ಆಮೇಲೆ ಬಿಳಿಚುಕ್ಕೆ ರೋಗ ಬಂತು. 1996ರ ಡಿಸೆಂಬರಿನಲ್ಲಿ ಅಂಥ ಕೆರೆಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಎಷ್ಟೋ ಕೆರೆಗಳು ಪಾಳು ಬಿದ್ದವು. ಈ ಕೆರೆಯ ಕಟ್ಟೆ ಒಂದು ಮಳೆಗಾಲದಲ್ಲಿ ಒಡೆದಿದೆ. ಯಾರೂ ಕಟ್ಟಲಿಲ್ಲ. ಭರತದ ನೀರು ಒಳಗೆ ಹೊರಗೆ ಆಡಲು ಶುರುವಾಯಿತು. ನೀರಿನ ಜೊತೆ ಬೀಜ ಬಂತು. ಈಗ ಅಲ್ಲಿ ತಲೆಗಿಂತ ಎತ್ತರದ ಕಾಂಡ್ಲಾ, ಮೂರ್ನಾಲ್ಕು ಜಾತಿ ಬೆರೆತದ್ದು. ಒಬ್ಬರೂ ನೆಟ್ಟಿಲ್ಲ. ನೀರಿಗೆ ದಾರಿ ಬಿಟ್ಟರೆ ಸಾಕು ಅಂತ ಅದನ್ನು ನೋಡಿದ ಯಾರಿಗೂ ಗೊತ್ತಾಗುತ್ತದೆ. ಅದನ್ನು ತೋರಿಸಿದವರೇ ಅರ್ಧ ಗಂಟೆಯ ನಂತರ ಕೈಗೆ ಬೀಜ ಕೊಟ್ಟರೆ ಏನು ಹೇಳುವುದು! ನಾನು ಬಾಯಿಬಿಟ್ಟೇ ಹೇಳಿದೆ. "ಜನ ಕೇಳುತ್ತಾರೆ ಅಕ್ಕ. ಕಂಪನಿಯವರು ಬಸ್ಸಲ್ಲಿ ಬರುತ್ತಾರೆ, ನೆಡಲೇಬೇಕು ಅನ್ನುತ್ತಾರೆ" ಅಂದರು. ಡ್ರೋನಿನವರಿಗೆ ಹೇಳಿದ ‘ಆಗುವುದಿಲ್ಲ’ವನ್ನು ಕಂಪನಿಯವರಿಗೂ ಹೇಳಬಹುದಲ್ಲ? ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್, ಹಳೇ ಬಲೆ ಹೆಕ್ಕುವ ಕೆಲಸ ಕೊಡಲಿ. ಅದು ಅಲ್ಲಿ ಬೇಕಾದಷ್ಟಿದೆ, ಬೆವರೂ ಬರುತ್ತದೆ.

ಊಟದ ಮಾತು. ಸವಾರಿ ಮುಗಿದ ಮೇಲೆ ದೋಣಿ ಅಣ್ಣನ ಹೆಂಡತಿ, ಆ ಮನೆಯ ಅಕ್ಕ, ನೀರುದೋಸೆ, ಮರುವಾಯಿ ಸುಕ್ಕ ಬಡಿಸುತ್ತಾರೆ. ಸಸ್ಯಾಹಾರಿಗಳಿಗೆ ಕಾಯಿ ಬೆಲ್ಲ. ರುಚಿಗೆ ಎರಡು ಮಾತಿಲ್ಲ. ಮಸಾಲೆ ಹದ, ತೆಂಗಿನಕಾಯಿ ಧಾರಾಳ. ಆದರೆ ಅತ್ತೆ ಒಂದು ಚಿಪ್ಪು ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಎಂತ ಹೆಣೆ ಇದ್, ಇಷ್ಟ್ ಸಣ್ಣದ್ ಹೆಕ್ಕುದಾ? ನಾವ್ ಸಣ್ಣದ್ ಸಿಕ್ರೆ ತಿರುಗಿ ನೀರಿಗೇ ಹಾಕುದ್."

ಆ ಅಕ್ಕನ ಮುಖ ಸ್ವಲ್ಪ ಸಣ್ಣದಾಯಿತು. ಹೊಳೆಯಲ್ಲಿ ಮರುವಾಯಿ ಕಡಿಮೆಯಾಗಿದೆ, ಮರಳು ತೆಗೆದ ಕಡೆ ತಳವೇ ಇಲ್ಲ, ಸಿಕ್ಕಿದ್ದನ್ನು ಹೆಕ್ಕುತ್ತಾರೆ ಅಂದರು. ಅದೂ ನಿಜ. ತಳದ ಮರಳು ಹೋದರೆ ಮರುವಾಯಿ ಹುಗಿದುಕೊಳ್ಳುವುದು ಎಲ್ಲಿ? ಆದರೂ ಅತ್ತೆಯ ಮಾತಲ್ಲಿ ತೂಕ ಇದೆ. ಮೊಟ್ಟೆ ಇಡುವ ಮುಂಚೆಯೇ ಹೆಕ್ಕಿದರೆ ಮುಂದಿನ ವರ್ಷಕ್ಕೆ ಏನು? ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಇದನ್ನೇ ನಿಯಮ ಮಾಡಿದ್ದಾರೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೆಕ್ಕುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. 2014ರಲ್ಲಿ ಅಲ್ಲಿಯ ಚಿಪ್ಪುಮೀನುಗಾರಿಕೆಗೆ ಎಂಎಸ್‌ಸಿ ಪ್ರಮಾಣಪತ್ರ, ಅಂದರೆ ಮುಂದಕ್ಕೂ ಉಳಿಯುವ ಹಾಗೆ ಹಿಡಿಯುತ್ತಾರೆ ಅನ್ನುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿತು, ಭಾರತದಲ್ಲೇ ಮೊದಲನೆಯದು. ನಮ್ಮ ಅತ್ತೆಗೆ ಪ್ರಮಾಣಪತ್ರ ಯಾರೂ ಕೊಡಲಿಲ್ಲ. ಇಷ್ಟು ಹೇಳಿ ಅತ್ತೆ ಎರಡನೇ ಸಲ ಸುಕ್ಕ ಹಾಕಿಸಿಕೊಂಡರು, ಅದನ್ನೂ ಬರೆಯಬೇಕಲ್ವಾ.

ಉಳಿದ ಸಣ್ಣಪುಟ್ಟ ವಿಷಯ. ಲೈಫ್ ಜಾಕೆಟ್ ಎಲ್ಲರಿಗೂ ಕಡ್ಡಾಯ, ಅದರಲ್ಲಿ ರಾಜಿ ಇಲ್ಲ. ಆದರೆ ಒಣಗಿಸದೆ ಇಟ್ಟ ವಾಸನೆ. ದೊಡ್ಡ ಮೈಯವರಿಗೆ ಬಕಲ್ ಕೂಡುವುದಿಲ್ಲ. ಶೌಚಾಲಯ ಅವರ ಮನೆಯದ್ದೇ, ಚೊಕ್ಕವಾಗಿದೆ. ದೋಣಿ ಹತ್ತುವ ಕಡೆ ಕಲ್ಲು ಜಾರುತ್ತದೆ. ಅತ್ತೆಯನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಸಿಮೆಂಟಿನ ಜೆಟ್ಟಿ ಕಟ್ಟಿ ಅಂತ ನಾನು ಹೇಳಲಾರೆ, ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಒಂದನೇ ದರ್ಜೆಯ ಸೂಕ್ಷ್ಮ ವಲಯ. ಎರಡು ಅಡಕೆ ಮರದ ಕಾಂಡ ಅಡ್ಡ ಹಾಕಿ ಹಿಡಿಯಲು ಒಂದು ಹಗ್ಗ ಕಟ್ಟಿದರೆ ಸಾಕು.

ರೇಟು ತಲೆಗೆ 500 ರೂಪಾಯಿ, ಊಟ ಬೇರೆ. ಮೋಟಾರ್ ದೋಣಿಯವರಿಗಿಂತ ಜಾಸ್ತಿ ಅಂತ ಯಜಮಾನರು ಗೊಣಗಿದರು, ದೋಣಿ ಹತ್ತದೆಯೇ. ಹೆಚ್ಚು ಜನರನ್ನು ತುಂಬದೆ ನಡೆಸುವವರಿಗೆ ಅಷ್ಟು ಆಗದೆ ಹೇಗೆ? ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಗಿಡ ನೆಡುವ ಪ್ಯಾಕೇಜ್ ನಿಲ್ಲಿಸಿದರೆ ಇನ್ನರ್ಧ ಸೇರಿಸುತ್ತೇನೆ, ಜಾಕೆಟ್ ಬಿಸಿಲಿಗೆ ಹಾಕಿದರೆ ಉಳಿದರ್ಧ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಆಮೇಲೆ ಸೆಕೆ. ಜೂನಿನಿಂದ ಹೊಳೆ ಕೆಂಪಾಗಿ ಉಕ್ಕುತ್ತದೆ, ಆಗ ಅವರೂ ದೋಣಿ ಮೇಲೆ ಎಳೆದು ಹಾಕುತ್ತಾರೆ. ಕಡು ಬಣ್ಣದ ಅಂಗಿ ಬೇಡ, ಟೊಪ್ಪಿ ಇರಲಿ, ಚಪ್ಪಲಿ ಕೆಸರಿಗೆ ಬಿಟ್ಟುಬರುವಂಥದ್ದಿರಲಿ. ಫೋನ್ ಹಿಂದಿನ ಸಂಜೆಯೇ ಮಾಡಿ, ಮಧ್ಯಾಹ್ನ ಮಾಡಿದರೆ ಅವರು ನೀರಲ್ಲಿರುತ್ತಾರೆ. ಆ ದಂಡೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗೂಗಲ್ ಪೇ ನಂಬಿ ಹೋಗಬೇಡಿ, ಕೈಯಲ್ಲಿ ನೋಟು ಇರಲಿ.